ಸೆಪ್ಟೆಂಬರ್ 30, ಮೇ 31

ಇಂಟರ್ನ್‌ಶಿಪ್‌ಗೆ ಅಂತ ಥಾಯ್ಲೆಂಡಿನ ಖೋನ್ ಕೇನ್‌ಗೆ ಹೋಗಿ ಎರಡು ತಿಂಗಳಾಗಿತ್ತು. ಲ್ಯಾಬ್‌ನಲ್ಲಿ ಜೊತೆಗಿದ್ದ ಗೆಳೆಯ, "ನಾಳೆ ನಮ್ಮಮ್ಮನ ಶಾಲೇಲಿ ಕಾರ್ಯಕ್ರಮ ಇದೆ, ಬಾ. ಊಟ ಚೆನ್ನಾಗಿರುತ್ತೆ" ಅಂದ. ಹಾಸ್ಟೆಲ್ ಹುಡುಗರಿಗೆ ಇನ್ನೇನು ಬೇಕು, ಹೊರಟೆ.

ಅವರಮ್ಮ ಗಣಿತದ ಟೀಚರ್. ಅವರ ಜೊತೆ ಇನ್ನಿಬ್ಬರು ಟೀಚರ್‌ಗಳೂ ಅದೇ ದಿನ ನಿವೃತ್ತಿ. ಅದೇನು ಕಾಕತಾಳೀಯ ಅಲ್ಲ. ಅಲ್ಲಿ ಸರ್ಕಾರದ ಹಣಕಾಸು ವರ್ಷ ಸೆಪ್ಟೆಂಬರ್ 30ಕ್ಕೆ ಮುಗಿಯುತ್ತೆ. ಆ ವರ್ಷದೊಳಗೆ 60 ತುಂಬಿದ ಸರ್ಕಾರಿ ಮೇಷ್ಟ್ರುಗಳಿಗೆಲ್ಲ ಅದೇ ಕೊನೆಯ ದಿನ. ಹಾಗಾಗಿ ಸೆಪ್ಟೆಂಬರ್ ಬಂತೆಂದರೆ ಶಾಲೆ ಶಾಲೆಯಲ್ಲೂ ಬೀಳ್ಕೊಡುಗೆ. ತರಗತಿಗಳು ನಡೆಯುತ್ತಿರುವ ಕಾಲ, ಮಕ್ಕಳೆಲ್ಲ ಇರ್ತಾರೆ.

ಬ್ಯಾನರ್ ಮೇಲೆ ಏನು ಬರೆದಿದೆ ಅಂತ ಕೇಳಿದೆ. 'ಮುಥಿತಾ ಚಿತ್' ಅಂದ. ಮುದಿತಾ ಚಿತ್ತ! ಇನ್ನೊಬ್ಬರ ಒಳಿತು ಕಂಡು ಸಂತೋಷಪಡುವ ಮನಸ್ಸು. ಮೇಷ್ಟ್ರಿಗೆ ಅವರು 'ಕ್ರೂ' ಅಂತಾರೆ, ಅದು ಗುರು. ನಿವೃತ್ತಿಗೆ 'ಕಸಿಯನ್', ಅದರ ಮೂಲ ಸಂಸ್ಕೃತದ ಕ್ಷೀಣ.

ಮಧ್ಯದಲ್ಲಿ ಬಾಳೆಎಲೆ ಮಡಚಿ, ಹೂವಿಟ್ಟು ಗೋಪುರದ ಹಾಗೆ ಕಟ್ಟಿದ 'ಬಾಯ್ ಸೀ'. ಮಕ್ಕಳು ಸಾಲಾಗಿ ಮಂಡಿಯೂರಿ ಬಂದು ಹೂಮಾಲೆ ಕೊಟ್ಟರು, ಟೀಚರ್ ತಲೆ ಸವರಿದರು. ಆಮೇಲೆ ಎಲ್ಲರೂ ಮೂವರ ಕೈಗೂ ಬಿಳಿ ದಾರ ಕಟ್ಟಿದರು. ಮನುಷ್ಯನೊಳಗೆ 'ಖ್ವಾನ್' ಅಂತ ಜೀವಚೈತನ್ಯ ಇರುತ್ತೆ, ಬದುಕಿನ ತಿರುವಿನಲ್ಲಿ ಅದು ಬಿಟ್ಟುಹೋಗದಿರಲಿ ಅಂತ ಈ ಗಂಟು. ಗೆಳೆಯನ ಅಮ್ಮನ ಕೈ ಮೊಣಕೈವರೆಗೂ ದಾರ. ಮಗ್ಗಿ ಬಾರದೆ ದಿನಾ ಬೈಸಿಕೊಳ್ಳುತ್ತಿದ್ದನಂತೆ ಒಬ್ಬ ಹುಡುಗ, ಎಲ್ಲರಿಗಿಂತ ಜಾಸ್ತಿ ಅತ್ತವನು ಅವನೇ.

ನಂಗೆ ಅಪ್ಪ ನೆನಪಾದರು.

ಅಪ್ಪನೂ ಸರ್ಕಾರಿ ಶಾಲೆ ಮೇಷ್ಟ್ರು. ಶಾಲೆಗೆ ಸೇರಿಸುವಾಗ ಅಜ್ಜನಿಗೆ ಹುಟ್ಟಿದ ದಿನ ಗೊತ್ತಿರಲಿಲ್ಲ, ಜೂನ್ 1 ಅಂತ ಬರೆಸಿದರು. ಆ ತಲೆಮಾರಿನ ಎಷ್ಟೋ ಜನರದ್ದು ಇದೇ ಕಥೆ. ನಮ್ಮಲ್ಲಿ 60 ತುಂಬುವ ತಿಂಗಳ ಕೊನೆಯ ದಿನ ನಿವೃತ್ತಿ. ಒಂದನೇ ತಾರೀಖು ಹುಟ್ಟಿದವರಿಗೆ ಹಿಂದಿನ ತಿಂಗಳ ಕೊನೆಗೇ. ಹಾಗಾಗಿ ಅಪ್ಪನ ಕೊನೆಯ ದಿನ ಮೇ 31. ಶಾಲೆ ಆಗತಾನೆ ತೆರೆದಿತ್ತು, ಮಕ್ಕಳು ಇನ್ನೂ ಅಜ್ಜಿ ಮನೆಯಿಂದ ವಾಪಸ್ ಬಂದಿರಲಿಲ್ಲ. ಸಹೋದ್ಯೋಗಿಗಳು ಸ್ಟಾಫ್ ರೂಮಿನಲ್ಲಿ ಶಾಲು ಹೊದಿಸಿ ಹಣ್ಣಿನ ಬುಟ್ಟಿ ಕೊಟ್ಟರು. ಅಪ್ಪ ಅದನ್ನು ಹಿಡಿದುಕೊಂಡು ಎಂದಿನ ಬಸ್ಸಿಗೇ ಮನೆಗೆ ಬಂದರಂತೆ. ನಂಗೆ ಮಾರನೇ ದಿನ ಪರೀಕ್ಷೆ. ಫೋನ್‌ನಲ್ಲಿ "ಕಂಗ್ರಾಟ್ಸ್ ಅಪ್ಪ" ಅಂದು ಇಟ್ಟಿದ್ದೆ. ಒಂದು ನಿಮಿಷವೂ ಮಾತಾಡಿರಲಿಲ್ಲ.

ಆ ರಾತ್ರಿ ಖೋನ್ ಕೇನ್‌ನಿಂದ ವಿಡಿಯೋ ಕಾಲ್ ಮಾಡಿ ಎಲ್ಲ ಹೇಳಿದೆ. ಹೂವು, ದಾರ, ಊಟ, ನನ್ನ ಕೈಗೂ ಟೀಚರ್ ಕಟ್ಟಿದ ಗಂಟು. ಅಪ್ಪ ಸುಮ್ಮನೆ ಕೇಳಿಸಿಕೊಂಡರು. ಕೊನೆಗೆ ಒಂದೇ ಪ್ರಶ್ನೆ:

"ಮಕ್ಕಳು ಇದ್ರಾ?"

"ಇದ್ರು ಅಪ್ಪ. ಎಲ್ಲಾರೂ ಇದ್ರು."

"ಹ್ಞೂಂ. ಒಳ್ಳೇದು" ಅಂದರು. ಆಮೇಲೆ ಅಲ್ಲಿ ಮಳೆ ಹೆಂಗಿದೆ ಅಂತ ಕೇಳಿದರು.

ನಿಮ್ಮೂರ ಶಾಲೆಯ ಮೇಷ್ಟ್ರು ಯಾವಾಗ ನಿವೃತ್ತರಾಗ್ತಾರೆ ಅಂತ ಒಮ್ಮೆ ಕೇಳಿಟ್ಟುಕೊಳ್ಳಿ. ಯಾವುದೋ ತಿಂಗಳ ಕೊನೆಯ ದಿನ ಆಗಿರುತ್ತೆ. ನಾಳೆ ಪರೀಕ್ಷೆ ಇದ್ದರೂ ಒಂದು ಬಸ್ಸು ಹಿಡಿಯಬಹುದು.