ಅಕಪುಲ್ಕೊದ ಗುರುವಾರ

ಬುಧವಾರ ರಾತ್ರಿ ಅಕಪುಲ್ಕೊ ಸೇರಿ, ಗುರುವಾರ ಬೆಳಗ್ಗೆಯೇ ಪೆಟ್ಟಿಗೆ ಕಟ್ಟಿ ಹೊರಡುವ ಪ್ರವಾಸಿಕನನ್ನು ಕಂಡು ಮರುಗುವುದು ನ್ಯಾಯ. ಮೆಕ್ಸಿಕೊ ದೇಶದ ಪೆಸಿಫಿಕ್ ತೀರದಲ್ಲಿರುವ ಈ ನಗರದಲ್ಲಿ ಕಡಲು ಎಲ್ಲ ದಿನವೂ ಉಂಟು. ಲಾ ಕೆಬ್ರಾದ ಎಂಬಲ್ಲಿ ಸುಮಾರು 35 ಮೀಟರ್ ಎತ್ತರದ ಬಂಡೆಯಿಂದ ನೀರಿಗೆ ಧುಮುಕುವ ಸಾಹಸಿಗಳನ್ನೂ ಯಾವ ದಿನ ಬೇಕಾದರೂ ನೋಡಬಹುದು. ಆದರೆ ಹಸಿರು ಪೊಸೋಲೆಗೆ ವಾರ ಗೊತ್ತಾಗಿದೆ. ಅಕಪುಲ್ಕೊ ಸೇರಿರುವ ಗೆರೆರೊ ರಾಜ್ಯದಲ್ಲಿ ಗುರುವಾರವೆಂದರೆ ಪೊಸೋಲೆಯ ದಿನ. ಈ ವಾಡಿಕೆ ಹೇಗೆ ಹುಟ್ಟಿತೆಂಬುದಕ್ಕೆ ಹಲವು ಕತೆಗಳುಂಟು, ಒಂದಕ್ಕೊಂದು ಹೊಂದುವುದಿಲ್ಲ. ಮಧ್ಯಾಹ್ನವಾಗುತ್ತಲೇ ಕಚೇರಿಯವರು, ಅಂಗಡಿಯವರು, ಮಕ್ಕಳುಮರಿಗಳೊಡನೆ ಮನೆಮಂದಿ, ಎಲ್ಲರೂ ಪೊಸೋಲೆಯ ಖಾನಾವಳಿಗಳತ್ತ ನಡೆಯುತ್ತಾರೆ. ಕೆಲವೆಡೆ ಹಾಡು ಕುಣಿತಗಳೂ ಜೊತೆಗೂಡಿ, ಊಟವು ಸಂಜೆಯವರೆಗೂ ಸಾಗುತ್ತದೆ.

ಪೊಸೋಲೆಯನ್ನು ಸಾರು ಎಂದರೆ ತೆಳುವಾಯಿತು. ಗಂಜಿ ಎಂದರೆ ಅವಮಾನವಾಯಿತು. ದಪ್ಪ ಕಾಳಿನ ಬಿಳಿಯ ಮುಸುಕಿನ ಜೋಳವನ್ನು ಸುಣ್ಣದ ನೀರಿನಲ್ಲಿ ಕುದಿಸಿ, ಸಿಪ್ಪೆಯನ್ನು ಉಜ್ಜಿ ತೆಗೆದು, ಮತ್ತೆ ಗಂಟೆಗಟ್ಟಲೆ ಬೇಯಿಸಿದರೆ ಕಾಳು ಹೂವಿನಂತೆ ಅರಳುತ್ತದೆ. ಅದಕ್ಕೆ ಹಂದಿಯ ಅಥವಾ ಕೋಳಿಯ ಮಾಂಸ ಸೇರುತ್ತದೆ. ಹಸಿರು ಬಣ್ಣ ಬರುವುದು ಅರೆದ ಕುಂಬಳ ಬೀಜ, ತೊಮಾತಿಯೊ ಎಂಬ ಹುಳಿಯ ಕಾಯಿ, ಹಸಿಮೆಣಸಿನಕಾಯಿ ಮತ್ತು ಘಾಟು ಸೊಪ್ಪುಗಳಿಂದ. ಮಣ್ಣಿನ ಬೋಗುಣಿಯಲ್ಲಿ ಹಬೆಯಾಡುತ್ತ ಅದು ಬಂದ ಮೇಲೆ ಉಣ್ಣುವವನ ಕೆಲಸ ಆರಂಭ: ಈರುಳ್ಳಿ, ಬೆಣ್ಣೆಹಣ್ಣು, ನಿಂಬೆಯ ರಸ, ಒಣಗಿದ ಒರೆಗಾನೊ, ಗರಿಗರಿಯಾಗಿ ಹುರಿದ ಹಂದಿಯ ಚರ್ಮ, ಡಬ್ಬಿಯ ಬೂತಾಯಿ ಮೀನು ಕೂಡ. ಯಾವುದು ಎಷ್ಟು ಎಂಬುದು ಅವರವರ ನಾಲಗೆಯ ತೀರ್ಮಾನ.

ಆ ಸುಣ್ಣದ ನೀರನ್ನು ಕಡೆಗಣಿಸಬಾರದು. ಸಾವಿರಾರು ವರ್ಷಗಳ ಹಿಂದೆಯೇ ಆ ನಾಡಿನ ಹೆಂಗಸರು ಕಂಡುಕೊಂಡ ವಿದ್ಯೆ ಅದು. ಜೋಳದಲ್ಲಿ ಅಡಗಿರುವ ಒಂದು ಜೀವಸತ್ತ್ವವು ಸುಣ್ಣ ತಾಗಿದರಷ್ಟೇ ಮೈಗೆ ಹತ್ತುತ್ತದೆ. ಜೋಳವು ಯೂರೋಪಿಗೆ ಹೋಯಿತು, ಈ ವಿದ್ಯೆ ಹೋಗಲಿಲ್ಲ; ಜೋಳವನ್ನೇ ನೆಚ್ಚಿದ ಅಲ್ಲಿಯ ಬಡವರು ಪೆಲ್ಲಾಗ್ರ ರೋಗದಿಂದ ನರಳಿದರು. ಮೆಕ್ಸಿಕೊದ ಸಾಂಪ್ರದಾಯಿಕ ಅಡಿಗೆಯನ್ನು ಯುನೆಸ್ಕೊ ಸಂಸ್ಥೆ 2010ರಲ್ಲಿ ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿದ್ದು ಬರಿಯ ರುಚಿಗೆ ಸಂದ ಮರ್ಯಾದೆಯಲ್ಲ.

ಮೀನು ಉಣ್ಣಬೇಕೆನ್ನುವವರು ನಗರವನ್ನು ಬಿಟ್ಟು, ವಿಮಾನ ನಿಲ್ದಾಣವನ್ನೂ ದಾಟಿ, ಬಾರ್ರಾ ವಿಯೆಹಾ ಎಂಬ ಹಳ್ಳಿಗೆ ಹೋಗಬೇಕು. ಒಂದು ಕಡೆ ಅಬ್ಬರಿಸುವ ಕಡಲು, ಇನ್ನೊಂದು ಕಡೆ ತ್ರೆಸ್ ಪಾಲೋಸ್ ಎಂಬ ನಿಶ್ಚಲ ಹಿನ್ನೀರು. ನಡುವೆ ಗರಿಯ ಚಪ್ಪರಗಳು. ಗಿರಾಕಿ ಮೀನನ್ನು ಆರಿಸಿ ತೂಗಿಸುತ್ತಾನೆ. ಅದನ್ನು ಪುಸ್ತಕದಂತೆ ಎರಡಾಗಿ ತೆರೆದು, ನೆನೆಸಿ ಅರೆದ ಒಣಮೆಣಸಿನಕಾಯಿಯ ಕೆಂಪು ಮಸಾಲೆ ಬಳಿದು, ತಂತಿಯ ಜಾಲರಿಯಲ್ಲಿ ಸಿಕ್ಕಿಸಿ ಕೆಂಡದ ಮೇಲೆ ಸುಡುತ್ತಾರೆ. 'ಪೆಸ್ಕಾದೊ ಆ ಲಾ ತಾಯಾ' ಎಂಬುದು ಇದರ ಹೆಸರು. ಆ ಮಸಾಲೆಯ ಗ್ವಾಹಿಯೊ ಮೆಣಸಿನಕಾಯಿ ನಮ್ಮ ಬ್ಯಾಡಗಿಯ ದೂರದ ದಾಯಾದಿಯಂತೆ ತೋರುತ್ತದೆ: ಬಣ್ಣ ಗಾಢ, ಖಾರ ಸೌಮ್ಯ. ಇದು ಬರಿಯ ಉಪಮೆಯೂ ಅಲ್ಲ. ಮೆಣಸಿನಕಾಯಿಯನ್ನು ಮೊದಲು ಕೃಷಿಗೆ ತಂದ ನಾಡು ಮೆಕ್ಸಿಕೊ. ಪೋರ್ಚುಗೀಸರ ಹಡಗುಗಳು ಅದನ್ನು ಭಾರತದ ಪಶ್ಚಿಮ ತೀರಕ್ಕೆ ತಂದವು.

ಋಣ ತೀರಿಸಲೆಂಬಂತೆ ಪೂರ್ವದೇಶಗಳ ಹಣ್ಣುಗಳು ಅಕಪುಲ್ಕೊಗೆ ಬಂದಿಳಿದವು. 1565ರಿಂದ 1815ರವರೆಗೆ, ಎರಡೂವರೆ ಶತಮಾನ ಕಾಲ, ಮನಿಲಾದ ಹಡಗುಗಳು ರೇಷ್ಮೆ, ಪಿಂಗಾಣಿ, ಸಂಬಾರಗಳನ್ನು ಹೊತ್ತು ಈ ಬಂದರಿಗೆ ಬರುತ್ತಿದ್ದವು. ಆ ಸಂಪತ್ತನ್ನು ಕಾಯುತ್ತಿದ್ದ ಸಾನ್ ದಿಯೆಗೊ ಕೋಟೆ ಈಗ ವಸ್ತುಸಂಗ್ರಹಾಲಯ. ರೇಷ್ಮೆ ಹರಿದುಹೋಯಿತು, ಪಿಂಗಾಣಿ ಒಡೆಯಿತು, ಉಳಿದದ್ದು ಮಾವು. ಅಲ್ಲಿಯ ಅಚ್ಚುಮೆಚ್ಚಿನ ಮಾವಿಗೆ ಇಂದಿಗೂ 'ಮನಿಲಾ' ಎಂದೇ ಹೆಸರು. ಅದಕ್ಕೆ ಉಪ್ಪುಖಾರ ಉದುರಿಸಿ ಬೀದಿಯಲ್ಲಿ ಮಾರುತ್ತಾರೆ. ಪ್ರವಾಸಿಕರು ಮನೆಗೆ ಒಯ್ಯುವ ಮಿಠಾಯಿ ತೆಂಗಿನದು, ಇಲ್ಲವೆ ಹುಣಸೆಯದು. ಹುಣಸೆಗೆ ಅಲ್ಲಿಯ ಹೆಸರು 'ತಾಮರಿಂದೊ'. 'ಹಿಂದ್ ದೇಶದ ಖರ್ಜೂರ' ಎಂಬ ಅರಬ್ಬಿ ಮಾತು ಅದರೊಳಗೆ ಅಡಗಿದೆ.

ಸಸ್ಯಾಹಾರಿಗೆ ಒಂದು ಎಚ್ಚರಿಕೆ ಹೇಳಬೇಕು. ಬೇಯಿಸಿ ಮಸೆದ ಬೀನ್ಸ್ ಕಾಳಿನಲ್ಲಿ ಹಂದಿಯ ಕೊಬ್ಬು ಬೆರೆತಿರುವುದು ಸಾಮಾನ್ಯ. ರೊಟ್ಟಿಯೊಳಗೆ ಗಿಣ್ಣು, ಕುಂಬಳದ ಹೂವು, ಮುಳ್ಳು ತೆಗೆದು ಸುಟ್ಟ ಪಾಪಸುಕಳ್ಳಿಯ ಎಲೆ, ಇವುಗಳಿಂದ ಹೊಟ್ಟೆ ತುಂಬಿಸಿಕೊಳ್ಳಬಹುದು. ದೊಡ್ಡ ಊಟ ಎರಡು ಗಂಟೆಯಿಂದ ನಾಲ್ಕರವರೆಗೆ. ಪಕ್ಕದಲ್ಲಿ ಹಾದುಹೋಗುವ ಅಪರಿಚಿತನೂ 'ಪ್ರೊವೆಚೊ', ಉಂಡದ್ದು ಮೈಗೆ ಹತ್ತಲಿ, ಎಂದು ಹಾರೈಸುತ್ತಾನೆ. ಕೇಳದ ಹೊರತು ಮಾಣಿ ಲೆಕ್ಕದ ಚೀಟಿ ತರುವುದಿಲ್ಲ. ಅದು ಅಲಕ್ಷ್ಯವಲ್ಲ, ಉಂಡವನನ್ನು ಎಬ್ಬಿಸುವುದು ಅಲ್ಲಿ ಅಸಭ್ಯತೆ.

ಸಾಲು ಹೊಟೆಲುಗಳ ಅಕಪುಲ್ಕೊ ಇದಕ್ಕಿಂತ ಬೇರೆಯದು. 1950ರ ದಶಕದಲ್ಲಿ ಹಾಲಿವುಡ್ಡಿನ ತಾರೆಯರು ಅಲ್ಲಿಗೆ ಬಂದರು. ಮುಂದೆ ಕಾನ್ಕೂನ್ ಎಂಬ ಹೊಸ ಊರು ಎದ್ದು, ವಿದೇಶೀಯರು ಅತ್ತ ಹೊರಳಿದರು. 2023ರ ಅಕ್ಟೋಬರ್ 25ರ ನಡುರಾತ್ರಿ 'ಓಟಿಸ್' ಚಂಡಮಾರುತ ಅಪ್ಪಳಿಸಿತು. ಹಿಂದಿನ ದಿನ ಸಾಧಾರಣವೆಂದು ತೋರಿದ ಬಿರುಗಾಳಿ ಕೆಲವೇ ಗಂಟೆಗಳಲ್ಲಿ ಅತ್ಯುಗ್ರವಾದ ಐದನೆಯ ದರ್ಜೆಗೇರಿತ್ತು. ಹೊಟೆಲುಗಳ ಗೋಡೆ ಕಿಟಕಿಗಳು ಕಿತ್ತುಹೋದವು, ಕೊಲ್ಲಿಯಲ್ಲಿದ್ದ ದೋಣಿಗಳು ಮುಳುಗಿದವು, ಅಂಗಡಿಗಳು ಬರಿದಾದವು. ಜನರಿಗೆ ನೀರಿಲ್ಲ, ವಿದ್ಯುತ್ತಿಲ್ಲ, ಅನ್ನವಿಲ್ಲ. ಮರುವರ್ಷ ಸೆಪ್ಟೆಂಬರಿನಲ್ಲಿ 'ಜಾನ್' ಎಂಬ ಇನ್ನೊಂದು ಚಂಡಮಾರುತದ ಮಳೆ ಬೀದಿಗಳನ್ನು ಹೊಳೆ ಮಾಡಿತು. ನಗರ ಎಷ್ಟು ಚೇತರಿಸಿಕೊಂಡಿತೆಂಬುದನ್ನು ತೆರೆದ ಹೊಟೆಲು ಕೋಣೆಗಳ ಲೆಕ್ಕದಲ್ಲಿ ಹೇಳುವ ರೂಢಿಯಿದೆ. ಒಂದು ಗರಿಯ ಚಪ್ಪರವನ್ನೂ ನಾಲ್ಕು ಮೇಜುಗಳನ್ನೂ ಕಳೆದುಕೊಂಡವಳು ಆ ಲೆಕ್ಕದಲ್ಲಿ ಸೇರುವುದಿಲ್ಲ. ದೋಣಿ ಹೋದ ಬೆಸ್ತನಿಗೆ ಮೀನಿಲ್ಲ, ಅವನ ಮೀನಿಲ್ಲದೆ ಅವಳ ಒಲೆ ಉರಿಯದು. ಮೂರೂ ಹೊತ್ತಿನ ಊಟ ಕೋಣೆಯ ಬಾಡಿಗೆಯಲ್ಲೇ ಸೇರಿರುವ ಹೊಟೆಲಿನಲ್ಲಿ ಇಳಿದವನು ಅವಳ ಮೇಜಿಗೆ ಬರುವ ಗೋಜಿಗೆ ಹೋಗುವುದೂ ಇಲ್ಲ.

ಬರುವವರು ಮೆಕ್ಸಿಕೊ ನಗರದ ಕುಟುಂಬಗಳು. ಸುಮಾರು 380 ಕಿಲೋಮೀಟರ್ ಹೆದ್ದಾರಿಯನ್ನು ಕ್ರಮಿಸಿ, ಶನಿವಾರ ಮಧ್ಯಾಹ್ನ ಅಜ್ಜಿ ಮೊಮ್ಮಕ್ಕಳೊಡನೆ ಚಪ್ಪರದ ಕೆಳಗೆ ಕುಳಿತು, ದೊಡ್ಡದೊಂದು ಮೀನನ್ನು ತೂಗಿಸಿ, ಅದು ಬೇಯುವವರೆಗೆ ಎಳನೀರು ಕುಡಿಯುತ್ತಾರೆ.