ಅರ್ದೆಶ್ ದಿನಗಳು – 4: ಇದು ಮುಯ್ಯಾಳಾ, ಬಿಟ್ಟಿ ಚಾಕರಿನಾ?

ಎಲ್ಲರೂ ಕೇಳೋದು ಒಂದೇ: "ಫ್ರಾನ್ಸ್‌ನಲ್ಲಿ ಹತ್ತು ದಿನ ಊಟ, ರೂಮು ಫ್ರೀನಾ? ಹೆಂಗೇ?" ಫ್ರೀ ಅಲ್ಲ ಕಣ್ರೋ. ಫೋಟೊದಲ್ಲಿ ಮಂಜು, ಬೆಟ್ಟ, ಕಲ್ಲಿನ ಮನೆ ಕಾಣ್ಸುತ್ತೆ. ನನ್ನ ಹೆಬ್ಬೆರಳಲ್ಲಿ ಮುರಿದು ಕೂತಿರೋ ಮುಳ್ಳು ಕಾಣ್ಸಲ್ಲ. ಅದಕ್ಕೇ ಈ ಸಲ ಬರೀ ಲೆಕ್ಕ.

ಇದಕ್ಕೆ ವೂಫಿಂಗ್ ಅಂತಾರೆ. 1971ರಲ್ಲಿ ಲಂಡನ್‌ನಲ್ಲಿ ಸೆಕ್ರೆಟರಿ ಆಗಿದ್ದ ಸ್ಯೂ ಕೊಪ್ಪಾರ್ಡ್ ಅನ್ನೋರು, ಪೇಟೆ ಜನ ವಾರದ ಕೊನೆಗೆ ಸಾವಯವ ತೋಟಕ್ಕೆ ಹೋಗಿ ಕೈ ಕೆಸರು ಮಾಡ್ಕೊಳ್ಳಲಿ ಅಂತ ಶುರು ಮಾಡಿದ್ದು. ಈಗ ಎಷ್ಟೋ ದೇಶಗಳಲ್ಲಿದೆ. ವರ್ಷಕ್ಕೆ ಸ್ವಲ್ಪ ದುಡ್ಡು ಕಟ್ಟಿ ಸದಸ್ಯರಾದ್ರೆ ತೋಟದವರ ಪಟ್ಟಿ ಸಿಗುತ್ತೆ. ನೀವೇ ಬರೆದು ಕೇಳಬೇಕು. ವರ್ಕ್‌ಅವೇ ಅಂತ ಇನ್ನೊಂದಿದೆ, ಅದ್ರಲ್ಲಿ ಹಾಸ್ಟೆಲ್, ಮನೆ ರಿಪೇರಿ ಎಲ್ಲಾ ಥರದ ಕೆಲಸ ಇರುತ್ತೆ. ಸಾಮಾನ್ಯ ಒಪ್ಪಂದ ಅಂದ್ರೆ ದಿನಕ್ಕೆ ಐದು ಗಂಟೆ, ವಾರಕ್ಕೆ ಐದು ದಿನ.

ನಾನು ಲಿಯಾನ್‌ನಲ್ಲಿ ಓದ್ತಿರೋದ್ರಿಂದ ಅಕ್ಟೋಬರ್ ಕೊನೆಯ ರಜೆಗೆ ಹತ್ತಿರದ್ದೇ ಹುಡುಕಿದೆ. ವಾಲೆನ್ಸ್‌ವರೆಗೆ ರೈಲು, ಅಲ್ಲಿಂದ ಬಸ್ಸು, ಆಮೇಲೆ ಮನೆಯವರ ಹಳೇ ವ್ಯಾನು. ಅರ್ದೆಶ್ ಫ್ರಾನ್ಸ್‌ನಲ್ಲೇ ಅತಿ ಹೆಚ್ಚು ಚೆಸ್ಟ್‌ನಟ್ ಬೆಳೆಯೋ ಜಿಲ್ಲೆ. ಗುಡ್ಡ ಕಡಿದು ಕಲ್ಲು ಪೇರಿಸಿ ಮೆಟ್ಟಿಲು ಮೆಟ್ಟಿಲಾಗಿ ಜಾಗ ಮಾಡಿದಾರೆ, ಅದಕ್ಕೆ ಅಲ್ಲಿ ಫೈಸ್ ಅಂತಾರೆ. ಗೋಧಿ ಬೆಳೆಯದ ಈ ಗುಡ್ಡಗಳಲ್ಲಿ ಹಿಂದೆ ಬಡವರ ಹೊಟ್ಟೆ ತುಂಬಿಸಿದ್ದು ಇದೇ ಕಾಯಿ. ಆ ಮರಕ್ಕೆ 'ರೊಟ್ಟಿ ಮರ' ಅಂತಲೇ ಹೆಸರು. ಕಾಯಿ ಒಣಗಿಸೋ ಮನೆ ಕ್ಲೆದ್ ನೋಡಿ (ಮೂರನೇ ಫೋಟೊ). ಕೆಳಗೆ ಬೆಂಕಿ, ಮೇಲೆ ಸಂದಿ ಬಿಟ್ಟು ಹಾಸಿದ ಹಲಗೆ, ಅದರ ಮೇಲೆ ಕಾಯಿ. ವಾರಗಟ್ಟಲೆ ಹೊಗೆ. ಒಳಗೆ ಕಾಲಿಟ್ಟಾಗ ನಮ್ಮ ತೀರ್ಥಹಳ್ಳಿ ಮನೆಯ ಅಟ್ಟದ ವಾಸನೆ ಬಂತು, ಸುಳ್ಳಲ್ಲ.

ಕೆಲಸ ಬೆಳಿಗ್ಗೆ ಎಂಟೂವರೆಗೆ ಶುರು. ಕಾಯಿ ಮುಳ್ಳಿನ ಸಿಪ್ಪೆ ಸಮೇತ ಬಿದ್ದಿರುತ್ತೆ, ಮುಳ್ಳುಹಂದಿ ಮರಿ ಥರ. ಬೂಟಿನಲ್ಲಿ ಒತ್ತಿ ಸಿಪ್ಪೆ ಬಿಡಿಸಬೇಕು, ದಪ್ಪ ಗ್ಲೌಸ್ ಹಾಕಿ ಹೆಕ್ಕಬೇಕು. ಇಳಿಜಾರು, ಒದ್ದೆ ಎಲೆ, ಬಗ್ಗಿದ ಸೊಂಟ. ಆಮೇಲೆ ತೊಟ್ಟಿ ನೀರಿಗೆ ಸುರಿದ್ರೆ ಹುಳ ತಿಂದಿದ್ದು ತೇಲುತ್ತೆ. ಬಿತ್ತನೆ ಭತ್ತದ ಜೊಳ್ಳು ತೆಗೆಯೋ ಹಾಗೆ.

ಎರಡನೇ ದಿನ ಅಪ್ಪ ಫೋನ್ ಮಾಡಿದ್ರು.

"ಕೂಲಿ ಎಷ್ಟಂತೆ?"

"ಕೂಲಿ ಇಲ್ಲ ಅಪ್ಪಾ. ಊಟ, ಮಲಗೋಕೆ ಜಾಗ."

ಸ್ವಲ್ಪ ಹೊತ್ತು ಮಾತಿಲ್ಲ. "ನಾವು ಕೊನೆಗಾರನಿಗೆ ಊಟನೂ ಹಾಕ್ತೀವಿ, ಕೂಲಿನೂ ಕೊಡ್ತೀವಿ."

"ಇದು ಮುಯ್ಯಾಳು ಇದ್ದ ಹಾಗೆ..."

"ಮುಯ್ಯಾಳು ಅಂದ್ರೆ ಇವತ್ತು ನೀನು ಅವರ ಮನೆಗೆ, ನಾಳೆ ಅವರು ನಮ್ಮನೆಗೆ. ಬರ್ತಾರಾ?"

ನಮ್ಮ ತೋಟದಲ್ಲಿ ನನ್ನ ಕೈಲಿ ಒಂದು ಅಡಿಕೆ ಹೆಕ್ಕಿಸಿದವರಲ್ಲ ಅವರು. 'ನೀನು ಓದು' ಅಷ್ಟೇ. ಆ ರಾತ್ರಿ ಕೂತು ಲೆಕ್ಕ ಹಾಕಿದೆ. 2025ರಲ್ಲಿ ಇಲ್ಲಿ ಕನಿಷ್ಠ ವೇತನ ಗಂಟೆಗೆ 11.88 ಯುರೋ, ತೆರಿಗೆ-ಕಡಿತಕ್ಕೆ ಮುಂಚೆ. ವಾರಕ್ಕೆ 25 ಗಂಟೆ ಅಂದ್ರೆ 297 ಯುರೋ. ಅದಕ್ಕೆ ಬದಲಾಗಿ ನನಗೆ ಒಂದು ಕೋಣೆ, ಮೂರು ಹೊತ್ತು ಊಟ, ದಿನವಿಡೀ ಫ್ರೆಂಚ್ ಮಾತು. ಲಿಯಾನ್‌ನಲ್ಲಿ ಕ್ಲಾಸಿಗೆ ಹೋಗಿ ಕಲಿಯದ ಫ್ರೆಂಚ್ ಈ ಅಡುಗೆಮನೆಯಲ್ಲಿ ಬಂತು. 25 ಗಂಟೆಗೆ ಇದು ನ್ಯಾಯ ಅಂತ ನನ್ನ ಅಭಿಪ್ರಾಯ. 40 ಗಂಟೆಗೆ ಅಲ್ಲ.

ಆ ಮಾತು ಬಂದೇ ಬಂತು. ಮಳೆ ಮುನ್ಸೂಚನೆ ಇತ್ತು, ಮನೆಯಾಕೆ "ಮಧ್ಯಾಹ್ನನೂ ಬರ್ತೀಯಾ?" ಅಂದ್ರು. ಹೋದೆ. ಅಂಗಳದಲ್ಲಿ ಅಡಿಕೆ ಇದ್ದಾಗ ಮೋಡ ಕಟ್ಟಿದ್ರೆ ನಮ್ಮಲ್ಲೂ ಯಾರೂ ಗಡಿಯಾರ ನೋಡಲ್ಲ. ಮಾರನೇ ದಿನವೂ ಹೋದೆ. ಮೂರನೇ ದಿನ ಆಕಾಶ ನೀಲಿ, ಆದ್ರೂ ಅದೇ ಪ್ರಶ್ನೆ. ನನ್ನ ಹರಕು ಫ್ರೆಂಚಲ್ಲೇ ಹೇಳಿದೆ: "ಎರಡು ದಿನದಲ್ಲಿ ಆರು ಗಂಟೆ ಜಾಸ್ತಿ ಆಗಿದೆ. ಶುಕ್ರವಾರ ನನಗೆ ರಜೆ ಬೇಕು." ಎದೆ ಡವಡವ. ಅವತ್ತು ರಾತ್ರಿ ಊಟದಲ್ಲಿ ಚಮಚದ ಸದ್ದು ಬಿಟ್ರೆ ಏನಿಲ್ಲ. ಕುಸಿನಾ ಅಂತ ಚೆಸ್ಟ್‌ನಟ್ ಸೂಪು, ಅಷ್ಟು ರುಚಿಯಾಗಿತ್ತು, ಗಂಟಲಲ್ಲಿ ಇಳೀಲಿಲ್ಲ.

ಶುಕ್ರವಾರ ಬೆಳಿಗ್ಗೆ ಅವರೇ ಬಾಗಿಲು ತಟ್ಟಿ, ಪಕ್ಕದವರ ಕ್ಲೆದ್ ತೋರಿಸೋಕೆ ಕರ್ಕೊಂಡು ಹೋದ್ರು. ಅಲ್ಲಿದ್ದ ಅಜ್ಜನಿಗೆ ನನ್ನ ಪರಿಚಯ ಹೇಳಿದ್ದು ಹೀಗೆ: "ಇವಳು ಇಂಡಿಯಾದವಳು, ಗಂಟೆ ಎಣಿಸ್ತಾಳೆ." ಅಜ್ಜ ಜೋರಾಗಿ ನಕ್ಕ. ನನಗೂ ನಗು ಬಂತು. ಸಂಜೆ ನಾನು ತಿಳಿಸಾರು ಮಾಡಿದೆ, ಇಬ್ಬರೂ ಲೋಟದಲ್ಲಿ ಕುಡಿದ್ರು.

ಇಂಡಿಯಾದಿಂದ ನೇರ ಬರೋರಿಗೆ ಒಂದು ಮಾತು. ಷೆಂಗೆನ್ ಶಾರ್ಟ್ ಸ್ಟೇ ವೀಸಾದಲ್ಲಿ 180 ದಿನಕ್ಕೆ 90 ದಿನ ಅಷ್ಟೇ, ಕನಿಷ್ಠ 30,000 ಯುರೋ ಕವರ್ ಇರೋ ಇನ್ಶುರೆನ್ಸ್ ಬೇಕು, ಕೂಲಿ ತಗೊಂಡು ದುಡಿಯೋ ಹಾಗಿಲ್ಲ. ನಮ್ಮಂಥ ಸ್ಟೂಡೆಂಟ್‌ಗಳಿಗೆ ಸಂಬಳದ ಕೆಲಸಕ್ಕೆ ವರ್ಷಕ್ಕೆ 964 ಗಂಟೆ ಮಿತಿ ಇದೆ. ಯಾರಾದ್ರೂ 'ಕೈಗೆ ಸ್ವಲ್ಪ ದುಡ್ಡೂ ಕೊಡ್ತೀನಿ, ಯಾರಿಗೂ ಹೇಳ್ಬೇಡ' ಅಂದ್ರೆ ಬ್ಯಾಗ್ ಎತ್ಕೊಳ್ಳಿ. ಹೋಗೋ ಮುಂಚೆ ಗಂಟೆ ಎಷ್ಟು, ರಜೆ ಯಾವಾಗ, ಮಲಗೋ ಕೋಣೆಗೆ ಚಿಲಕ ಇದೆಯಾ, ಮಾಂಸ ತಿನ್ನದಿದ್ರೆ ನಡೆಯುತ್ತಾ, ಎಲ್ಲಾ ಮೆಸೇಜಲ್ಲೇ ಕೇಳಿ, ಉತ್ತರ ಇಟ್ಕೊಳ್ಳಿ. ಹುಡುಗೀರೇ, ಚಿಲಕದ ಪ್ರಶ್ನೆ ಕೇಳೋಕೆ ನಾಚ್ಕೋಬೇಡಿ. ಹತ್ತಿರದ ಬಸ್ ಸ್ಟಾಪ್‌ಗೆ ನಡ್ಕೊಂಡು ಹೋಗೋಕಾಗುತ್ತಾ ಅಂತಲೂ ನೋಡಿ.

ಹೊರಡೋ ದಿನ ಮನೆಯಾಕೆ ಗೋಡೆಯ ಕ್ಯಾಲೆಂಡರ್ ಹತ್ರ ನಿಂತು, ನಿಮ್ಮ ಅಡಿಕೆ ಕೊಯ್ಲು ಯಾವ ತಿಂಗಳು ಅಂತ ಕೇಳಿದ್ರು. ಹೇಳಿದೆ, ಪೆನ್ಸಿಲ್‌ನಲ್ಲಿ ಗುರುತು ಹಾಕ್ಕೊಂಡ್ರು. ರೈಲಲ್ಲಿ ಕೂತು ಅಪ್ಪನಿಗೆ ಫೋನ್ ಮಾಡಿ ಅದನ್ನೇ ಹೇಳಿದೆ.

"ಬರ್ಲಿ ಬಿಡು," ಅಂದ್ರು. "ದೋಟಿ ಹಿಡಿಯೋಕೆ ಬರುತ್ತಾ ಕೇಳು."