ಸಕಲವೂ ಶಕಲವೂ

ಮಳೆಗಾಲವು ಕಾಲಿಟ್ಟಿತೆಂದರೆ ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಮನೆಜಗಲಿಗಳಲ್ಲಿ ತಾಳಮದ್ದಳೆಯ ಕೂಟ ನೆರೆಯುವುದು ಈ ಸೀಮೆಯ ಸಂಪ್ರದಾಯ. ವೇಷವಿಲ್ಲ, ಕುಣಿತವಿಲ್ಲ, ಭಾಗವತರ ಪದ, ಮದ್ದಳೆ-ಚಂಡೆಗಳ ನಾದ, ಅರ್ಥಧಾರಿಗಳ ಮಾತು, ಇಷ್ಟೇ ಅದರ ಸಂಪತ್ತು. ಆ ಮಾತು ಬರೆದಿಟ್ಟು ಓದುವಂಥದಲ್ಲ. ಹುಟ್ಟಿದ ಕ್ಷಣದಲ್ಲಿಯೇ ಲಯಿಸುವಂಥದು. ನೆಬ್ಬೂರು ನಾರಾಯಣ ಭಾಗವತರು 2019ರಲ್ಲಿ, ಹೊಸ್ತೋಟ ಮಂಜುನಾಥ ಭಾಗವತರು 2020ರಲ್ಲಿ ಅಗಲಿದ ಬಳಿಕ, ಅವರ ಕಂಠವನ್ನು ಅರಸುವವರಿಗೆ ಧ್ವನಿಮುದ್ರಣವೊಂದೇ ಗತಿ. ಆದಕಾರಣ ಮುದ್ರಣದ ಮರ್ಮವನ್ನು ಅರಿಯುವುದು ಯಂತ್ರಜ್ಞರಿಗೆ ಮಾತ್ರ ಬಿಟ್ಟ ವಿಷಯವಲ್ಲ.

ಹಿಂದಿನ ಟೇಪು ನಾದದ ಅಲೆಯನ್ನು ಅಖಂಡವಾಗಿ ಹಿಡಿಯುತ್ತಿತ್ತು. ಡಿಜಿಟಲ್ ಯಂತ್ರವಾದರೋ ಆ ಅಲೆಯನ್ನು ಸಮಾನ ಅಂತರದಲ್ಲಿ ಅಳೆದು ಅಂಕೆಗಳಾಗಿ ಬರೆದಿಡುತ್ತದೆ. ಸೆಕೆಂಡಿಗೆ ಎಷ್ಟು ಬಾರಿ ಅಳೆಯುತ್ತದೆ ಎಂಬ ಎಣಿಕೆಯೇ ಸ್ಯಾಂಪಲ್ ರೇಟ್. ರಂಗವಲ್ಲಿಯ ಚುಕ್ಕಿಗಳಂತೆ ಈ ಅಂಕೆಗಳು. ಕೇಳಿಸುವಾಗ ಯಂತ್ರವು ಅವುಗಳ ಮೂಲಕ ಅಲೆಯ ಎಳೆಯನ್ನು ಮತ್ತೆ ಎಳೆಯುತ್ತದೆ. ಚುಕ್ಕಿಗಳ ನಡುವಣ ನಾದವು ನಷ್ಟವಾಗದೇ ಎಂಬ ಶಂಕೆ ಸಹಜವೇ. ನೈಕ್ವಿಸ್ಟ್ 1928ರಲ್ಲಿ ಸೂಚಿಸಿದ, ಶಾನನ್ 1949ರಲ್ಲಿ ವಿಶದವಾಗಿ ನಿರೂಪಿಸಿದ ತತ್ತ್ವವು ಅದನ್ನು ಪರಿಹರಿಸುತ್ತದೆ: ನಾದದಲ್ಲಿರುವ ಅತ್ಯುಚ್ಚ ಕಂಪನದ ಇಮ್ಮಡಿಗಿಂತ ಹೆಚ್ಚು ಬಾರಿ ಅಳೆದರೆ ಮೂಲದ ಅಲೆಯನ್ನು ಮರಳಿ ಪಡೆಯಬಹುದು. ಮಾನವನ ಕಿವಿಯ ಮಿತಿ ಸೆಕೆಂಡಿಗೆ ಸುಮಾರು 20,000 ಕಂಪನ. 1982ರಲ್ಲಿ ಬಂದ ಸಿ.ಡಿ.ಯ 44,100 ಆ ಮಿತಿಯ ಇಮ್ಮಡಿಯನ್ನು ದಾಟಿದ ಎಣಿಕೆ. ವಿಡಿಯೋಗೆ 48,000 ರೂಢಿ. ಶ್ರವಣಕ್ಕೆ ಇವೇ ಸಾಕು.

ಎಣಿಕೆ ಕುಗ್ಗಿದರೋ? ದೂರವಾಣಿಯಲ್ಲಿ ಬಹುಕಾಲ ರೂಢಿಯಲ್ಲಿದ್ದ 8,000ದಲ್ಲಿ, 4,000ಕ್ಕೆ ಮೇಲ್ಪಟ್ಟ ಕಂಪನಗಳು ಉಳಿಯವು. ಅವನ್ನು ಮೊದಲೇ ಸೋಸದಿದ್ದರೆ ಉಚ್ಚನಾದವು ನೀಚನಾದದ ಮಾರುವೇಷ ತೊಟ್ಟು ಒಳನುಗ್ಗುತ್ತದೆ. ಸೋಸಿದರೆ ಚಂಡೆಯ ಪೆಟ್ಟಿನ ಮೊನೆ ಮೊಂಡಾಗುತ್ತದೆ, ತಾಳದ ಝೇಂಕಾರ ಮಂಕಾಗುತ್ತದೆ. ಸಕಾರದ ಕಸುವು ಬಹುಪಾಲು ಆ ಮಿತಿಯಿಂದಾಚೆಗೇ ಇರುವುದರಿಂದ ಸಕಾರ-ಶಕಾರಗಳ ಭೇದವೂ ಮಸುಕಾಗುತ್ತದೆ. ಅರ್ಥಧಾರಿಯು ನುಡಿದುದು ‘ಸಕಲ’ವೋ ‘ಶಕಲ’ವೋ? ಒಂದರ ಅರ್ಥ ಸಮಸ್ತ, ಇನ್ನೊಂದರದು ತುಂಡು! ಮುಂದೆ ಎಣಿಕೆಯನ್ನು 48,000ಕ್ಕೆ ಏರಿಸಿದರೂ ಕಳೆದುದು ಬಾರದು. ಹಾಲಿಗೆ ನೀರೆರೆದರೆ ಅಳತೆ ಹೆಚ್ಚೀತು, ಕೆನೆ ಹೆಚ್ಚದು.

ಮನೆಯ ಪೆಟ್ಟಿಗೆಯಲ್ಲಿರುವ ಹಳೆಯ ಕ್ಯಾಸೆಟ್ಟುಗಳನ್ನು ಗಣಕಯಂತ್ರಕ್ಕೆ ಇಳಿಸುವ ತರುಣರೂ, ಕೂಟವನ್ನು ಜೇಬಿನ ಫೋನಿನಲ್ಲಿ ಹಿಡಿಯುವ ರಸಿಕರೂ ಮೊದಲು ಆ ಎಣಿಕೆಯತ್ತ ಕಣ್ಣು ಹಾಯಿಸುವುದು ಒಳಿತು. ಅದಕ್ಕೆ ಹೆಚ್ಚಿನ ಧನ ಬೇಕಿಲ್ಲ, ತುಸು ಎಚ್ಚರ ಬೇಕು. ಮುಂದಿನ ಪೀಳಿಗೆಗೆ ಒಪ್ಪಿಸುವುದು ಸಕಲವನ್ನೋ ಶಕಲವನ್ನೋ ಎಂಬುದು ಗುಂಡಿಯೊತ್ತುವ ಆ ಮೊದಲ ಕ್ಷಣದಲ್ಲಿಯೇ ನಿಶ್ಚಯವಾಗಿಬಿಡುತ್ತದೆ.